ತೊಂದರೆ ಇಲ್ಲ ಬಿಡಿ

ನಾನು ಆಸ್ಪತ್ರೆಯಿಂದ ಮನೆಗೆ ಬಂದಾಗಿನಿಂದ ಅಮ್ಮ ನಮ್ಮ ಜೊತೆಗೇ ಇದ್ದಳು. ಮೆಡಿಕಲ್ ಕಾಲೇಜಿನ ಸಂದರ್ಶನಕ್ಕೆ ಹೊರಟಾಗ ಒಂದೇ ಮಾತು ಹೇಳಿದಳು.

"ಮಕ್ಕಳ ವಿಷಯ ಕೇಳಿದ್ರೆ 'ಸದ್ಯಕ್ಕೆ ಯೋಚನೆ ಮಾಡಿಲ್ಲ' ಅಂದ್ಬಿಡು. ಆಗಿದ್ದು ನಮ್ಮನೆ ನೋವು. ಅದನ್ನ ಕಂಡೋರ ಮುಂದೆ ಹರಡ್ಬೇಡ."

ಕೇಳುತ್ತಾರೆ ಎನ್ನುವುದರಲ್ಲಿ ನಮಗಿಬ್ಬರಿಗೂ ಅನುಮಾನವಿರಲಿಲ್ಲ. ಹೋದ ವರ್ಷ ಇದೇ ಕಾಲೇಜಿಗೆ, ಇದೇ ಸರ್ಜರಿ ಸೀಟಿಗೆಂದು ಹೋದಾಗ ಕೇಳಿದ್ದರು. ಆಗಿನ್ನೂ ಹೊಸದಾಗಿ ಮದುವೆಯಾದವಳು ನಾನು. "ಓದು ಮುಗಿದ ಮೇಲೆ ನೋಡೋಣ ಅಂತಿದ್ದೀವಿ" ಎಂದು ಹಲ್ಲು ಕಿರಿದಿದ್ದೆ. ಇದ್ದ ಎರಡು ಸೀಟೂ ಗಂಡಸರ ಪಾಲಾದವು. ಆಮೇಲೆ ಬಸುರಾದೆ. ಏಳನೇ ತಿಂಗಳಲ್ಲಿ ಶುರುವಾದ ರಕ್ತಸ್ರಾವ ನಿಲ್ಲಲೇ ಇಲ್ಲ. ಮಗು ಹೋಯಿತು. ನನ್ನ ಜೀವ ಉಳಿಸಲು ಗರ್ಭಕೋಶವನ್ನೂ ತೆಗೆದರು.

ಈ ಸಲ ನನಗಿಂತ ಮೊದಲು ಒಳಗೆ ಹೋದವನ ಜೊತೆ ಸಂದರ್ಶಕರು ಬ್ಯಾಡ್ಮಿಂಟನ್ ಬಗ್ಗೆ ಹರಟಿದ್ದು ಬಾಗಿಲಾಚೆಗೂ ಕೇಳಿಸಿತು. ಅವನ ಹೆಂಡತಿ ತುಂಬು ಬಸುರಿ, ಹೊರಗೆ ಕೂತಿದ್ದಾಗ ಅವನೇ ಹೇಳಿದ್ದ. ಆ ವಿಷಯ ಯಾರಿಗೂ ಬೇಕಾಗಲಿಲ್ಲ.

ನನ್ನ ಸರದಿ ಬಂತು. ಕರುಳು ಸುತ್ತಿಕೊಂಡರೆ ಏನು ಮಾಡುತ್ತೀರಿ, ಯಾವ ಹೊಲಿಗೆ ಎಲ್ಲಿ ಹಾಕುತ್ತೀರಿ, ಎಲ್ಲದಕ್ಕೂ ಅರಳು ಹುರಿದಂತೆ ಉತ್ತರ ಕೊಟ್ಟೆ. ವಿಭಾಗದ ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿದರು.

"ಎಲ್ಲ ಸರಿಯಮ್ಮ. ಆದ್ರೆ ನಾಳೆ ಮಗು ಅಂತ ನೀವು ರಜೆ ಹಾಕಿ ಹೋದ್ರೆ ಇಲ್ಲಿ ಆಪರೇಷನ್‌ಗೆ ಯಾರು ನಿಲ್ಲೋದು? ನಿಮ್ಮ ಪ್ಲಾನ್ ಏನು?"

ಅಮ್ಮ ಕಲಿಸಿದ ಮಾತು ನಾಲಗೆ ತುದಿಯಲ್ಲೇ ಇತ್ತು. ಆದರೆ ಮೈಯೆಲ್ಲ ಉರಿದುಹೋಯಿತು. ಮುಖಕ್ಕೆ ಹೊಡೆದ ಹಾಗೆ ಹೇಳಬೇಕು, ಇವರು ನಾಚಿಕೆಯಿಂದ ತಲೆ ತಗ್ಗಿಸಬೇಕು, ಇನ್ನೊಬ್ಬಳನ್ನು ಹೀಗೆ ಕೇಳಲು ಬಾಯಿ ಬರಬಾರದು ಅನ್ನಿಸಿತು.

"ನನಗೆ ಗರ್ಭಕೋಶ ಇಲ್ಲ ಸರ್. ಮಗು ಸತ್ತಾಗ ಅದನ್ನೂ ತೆಗೆದ್ರು. ಸಾಕಾ?"

ಪಕ್ಕದಲ್ಲಿದ್ದ ಡಾಕ್ಟರಮ್ಮ ಕಿಟಕಿಯ ಕಡೆ ನೋಡಿದರು. ಮುಖ್ಯಸ್ಥರು ಮಾತ್ರ ತಲೆ ಮೇಲಿನ ಭಾರ ಇಳಿದವರಂತೆ ಕುರ್ಚಿಗೆ ಒರಗಿದರು.

"ಓ, ಹಾಗಾದ್ರೆ ತೊಂದರೆ ಇಲ್ಲ ಬಿಡಿ."

ಸೀಟು ಸಿಕ್ಕಿತು. ಅಮ್ಮ ನನ್ನ ಗಲ್ಲ ಹಿಡಿದು, "ನೋಡು, ಬಾಯಿ ಮುಚ್ಕೊಂಡಿದ್ದಕ್ಕೆ ಕೆಲಸ ಆಯ್ತು" ಎಂದಳು. ನಾನು ಹೂಂ ಎಂದೆ.

ಇನ್ನೊಂದು ಸೀಟು ಆ ಬ್ಯಾಡ್ಮಿಂಟನ್ನಿನವನಿಗೆ. ಅವನಿಗೆ ಮಗಳು ಹುಟ್ಟಿದಾಗ ಮುಖ್ಯಸ್ಥರೇ ಬೆನ್ನು ತಟ್ಟಿ ರಜೆ ಕೊಟ್ಟರು. ವಾರ್ಡಿನಲ್ಲಿ, ರೋಗಿಗಳ ಎದುರಿಗೇ ನನ್ನ ಕಡೆ ತಿರುಗಿದರು.

"ಅವನ ಡ್ಯೂಟಿ ನೀವೇ ನೋಡ್ಕೊಳ್ಳಿ. ನಿಮಗೇನು, ಮನೇಲಿ ಅಳೋ ಮಗು ಇಲ್ವಲ್ಲ."

ಭಾನುವಾರವೂ ನಾನು ಕೋಟು ಹಾಕಿಕೊಳ್ಳುವುದನ್ನು ಕಂಡು ಅಮ್ಮ ಸಿಡುಕಿದಳು. "ಯಾವಾಗ್ಲೂ ನಿನ್ನನ್ನೇ ಯಾಕೆ ಕರೀತಾರೆ? ನಿನ್ನ ವಿಷಯ ಅವರಿಗೆ ಗೊತ್ತಾ?"

"ಗೊತ್ತು. ಸೀಟು ಕೊಟ್ಟಿದ್ದೇ ಅದಕ್ಕೆ."

ಅಮ್ಮ ಕೈಯಲ್ಲಿದ್ದ ಊಟದ ಡಬ್ಬಿಯನ್ನು ಕೆಳಗಿಟ್ಟು, ಗೋಡೆ ಕಡೆ ತಿರುಗಿ ನಿಂತಳು. ನನಗೆ ಡ್ಯೂಟಿಗೆ ಹೊತ್ತಾಗಿತ್ತು.