ಹನಿ ಮೇಷ್ಟ್ರ ಕೊನೆಯ ಸಹಿ

ಶವಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಆಚೆಗೂ ಇಲ್ಲ, ಈಚೆಗೂ ಇಲ್ಲ. ಅದೇ ಹೊತ್ತಿಗೆ ಲ್ಯಾಬ್ ಸಹಾಯಕನ ಜೇಬಿನಲ್ಲಿ ಫೋನ್ ಗುರುಗುಟ್ಟತೊಡಗಿತು.

“ಸ್ವಲ್ಪ ಎತ್ತಿ ತಿರುಗಿಸಿ,” ಎಂದ ಸತ್ತವರ ಭಾವಮೈದುನ. “ಭಾವ ಬದುಕಿದ್ದಾಗ್ಲೂ ಹೀಗೇ. ಹೇಳಿದ ಕಡೆ ತಿರುಗಿದೋರೇ ಅಲ್ಲ.”

ಯಾರೋ ಕಿಸಕ್ಕೆಂದರು. ಸಹಾಯಕನಿಗೆ ನಗು ಬರಲಿಲ್ಲ. ಹತ್ತೂ ನಲವತ್ತು. ಹನ್ನೊಂದಕ್ಕೆ ಎಣ್ಣೆ ಬಾವಿಯಲ್ಲಿ ಪಂಪು ಶುರು. ಅವನ ಎರಡೂ ಕೈ ಪೆಟ್ಟಿಗೆಯ ಅಡಿಯಲ್ಲಿದ್ದವು. ಫೋನ್ ನಿಂತು ಮತ್ತೆ ಶುರುವಾಯಿತು.

*

ಸತ್ತವರನ್ನು ಲ್ಯಾಬಿನಲ್ಲಿ ಎಲ್ಲರೂ ಹನಿ ಮೇಷ್ಟ್ರು ಎನ್ನುತ್ತಿದ್ದರು. ನೆಲದಾಳದಲ್ಲಿ ಅಡ್ಡಲಾಗಿ ಕೊರೆದ ಬಾವಿಯ ಗೋಡೆಗೆ ಕೊರೆಯುವಾಗಿನ ಕೆಸರು ತೆಳು ಪದರವಾಗಿ ಮೆತ್ತಿಕೊಳ್ಳುತ್ತದೆ. ಆಮೇಲೆ ಮರಳು ನುಗ್ಗದಂತೆ ಉದ್ದಕ್ಕೂ ಸಣ್ಣ ಜಲ್ಲಿಯನ್ನು ನೀರಿನೊಂದಿಗೆ ಪಂಪು ಮಾಡಿ ತುಂಬುತ್ತಾರೆ. ಜಲ್ಲಿ ಒಯ್ಯುವ ನೀರಿನಲ್ಲೇ ಪದರ ಕರಗಿಸುವ ಮದ್ದೂ ಇರುತ್ತದೆ. ಜಲ್ಲಿ ಪೂರ್ತಿ ತುಂಬಲು ನಾಲ್ಕು ಗಂಟೆ ಬೇಕು. ಅಲ್ಲಿಯ ತನಕ ಪದರ ತಡೆಯಬೇಕು. ಮೊದಲೇ ಕರಗಿದರೆ ನೀರು ಗೋಡೆಯೊಳಗೆ ಇಂಗಿ, ಜಲ್ಲಿ ನಡುದಾರಿಯಲ್ಲೇ ಕೂತು, ಬಾವಿ ಕೆಡುತ್ತದೆ. ಕರಗದೇ ಉಳಿದರೆ ಎಣ್ಣೆ ಬಾರದು. ಮೇಷ್ಟ್ರು ಮೂವತ್ತು ವರ್ಷ ಆ ಪದರವನ್ನು ಬಿಸಿ ಡಬ್ಬಿಯಲ್ಲಿ ಕಟ್ಟಿ, ಮದ್ದು ಹಾಕಿ, ಕೆಳಗೆ ಬೀಳುವ ಹನಿ ಎಣಿಸಿದವರು. ಹನಿ ಧಾರೆಯಾದರೆ ಪದರ ಕರಗಿತೆಂದು ಲೆಕ್ಕ.

“ಮನೆ ನಲ್ಲಿ ಸೋರಿದ್ರೂ ರಿಪೇರಿ ಮಾಡಿಸ್ತಿರ್ಲಿಲ್ಲ, ವಾಚ್ ಹಿಡ್ಕೊಂಡು ಕೂರೋರು,” ಎಂದು ಅವರ ಹೆಂಡತಿ ಬೆಳಿಗ್ಗೆ ಬಂದವರಿಗೆಲ್ಲ ಹೇಳಿ ಅತ್ತಿದ್ದರು.

ಅವರದು ಒಂದೇ ಹಟ. ಆಯಾ ಬಾವಿಯದೇ ಕೆಸರು ಬೇಕು. ಲ್ಯಾಬಿನಲ್ಲಿ ಕಲಸಿದ್ದು ಆಗದು. ಆಸ್ಪತ್ರೆಯ ಹಾಸಿಗೆಯಲ್ಲೂ ಕೇಳಿದ್ದು ಅದನ್ನೇ.

“ಬಾವಿ ಕೆಸರು ಬಂತೇನೋ?”

ಬಂದಿರಲಿಲ್ಲ. ಮೇಲಿನವರು ವರದಿಗಾಗಿ ಜೀವ ಹಿಂಡುತ್ತಿದ್ದರು. ಸಹಾಯಕ ಲ್ಯಾಬಿನಲ್ಲೇ ಕೆಸರು ಕಲಸಿ ಪರೀಕ್ಷೆ ಮುಗಿಸಿದ್ದ. ಪದರ ಆರು ಗಂಟೆ ತಡೆದಿತ್ತು.

“ಬಂತು ಮೇಷ್ಟ್ರೇ. ಅದರಲ್ಲೇ ಮಾಡಿದೀನಿ.”

ಮೇಷ್ಟ್ರು ಓದದೆ ಸಹಿ ಹಾಕಿದರು.

ನಿಜವಾದ ಕೆಸರು ಬಂದದ್ದು ನಿನ್ನೆ ಸಂಜೆ. ಇವತ್ತು ಎಂಟಕ್ಕೆ ಡಬ್ಬಿ ಬಿಸಿಗಿಟ್ಟು, ಹನಿ ಧಾರೆಯಾದರೆ ಫೋನ್ ಮಾಡಲು ಲ್ಯಾಬ್ ಗುಡಿಸುವವಳಿಗೆ ಹೇಳಿ ಅವನು ಇಲ್ಲಿಗೆ ಓಡಿಬಂದಿದ್ದ.

*

“ಒಂದ್ನಿಮಿಷ ಇಳಿಸಿ,” ಎಂದ ಸಹಾಯಕ.

“ಇಲ್ಲೇನಾ? ಮೆಟ್ಟಿಲ ಮೇಲಾ?” ಭಾವಮೈದುನ ಗೊಣಗಿದ. ಆದರೂ ಇಳಿಸಿದರು. ಸಹಾಯಕ ಫೋನ್ ಎತ್ತಿದ.

“ಇಟ್ಟು ಎರಡೂವರೆ ಗಂಟೆಯೊಳಗೇ ಧಾರೆ ಆಗ್ಹೋಯ್ತಣ್ಣ,” ಎಂದಳು ಗುಡಿಸುವವಳು. “ಡಬ್ಬಿ ಖಾಲಿ. ನಾನೇನಾದ್ರೂ ಮುಟ್ಟಬಾರದ್ದು ಮುಟ್ಟಿದ್ನಾ?”

“ಇಲ್ಲಮ್ಮ. ನೀನೇನೂ ಮಾಡಿಲ್ಲ.”

ಬಾವಿಯ ಮೇಲ್ವಿಚಾರಕನ ನಂಬರ್ ಒತ್ತಿದ. ಹತ್ತೂ ಐವತ್ತು.

“ಪಂಪು ಶುರು ಮಾಡ್ಬೇಡಿ ಸರ್. ವರದಿ ತಪ್ಪಿದೆ.”

“ಮೇಷ್ಟ್ರ ಸಹಿ ಇದೆಯಲ್ರೀ?”

“ಇದೆ. ಆದ್ರೂ ತಪ್ಪಿದೆ.”

“ಅಂದ್ರೆ ಅವ್ರೇ ಎಡವಿದ್ರಾ? ಕಾಯಿಲೆ ಮನುಷ್ಯ, ಪಾಪ. ಹಾಗಂತ ಬರ್ಕೊಳ್ಲಾ?”

ಹೂಂ ಅಂದರೆ ಮುಗಿದುಹೋಗುತ್ತಿತ್ತು. ಕಾಗದದಲ್ಲಿದ್ದುದು ಒಂದೇ ಸಹಿ, ಅದನ್ನು ಹಾಕಿದವರು ಪೆಟ್ಟಿಗೆಯೊಳಗಿದ್ದರು. ಅಲ್ಲ ಅಂದರೆ ಕೆಲಸ ಹೋಗುತ್ತದೆ. ಅದಕ್ಕಿಂತ ಮೊದಲು ಪಕ್ಕದಲ್ಲೇ ಬೆವರೊರೆಸಿಕೊಳ್ಳುತ್ತಿದ್ದ ಮೇಷ್ಟ್ರ ಮಗ ಕೇಳಿಸಿಕೊಳ್ಳುತ್ತಾನೆ. ಸಹಾಯಕನಿಗೆ ಎಲ್ಲಾದರೂ ಓಡಿಹೋಗಬೇಕೆನಿಸಿತು. ಮೆಟ್ಟಿಲಿನ ಕೆಳಗೂ ಮೇಲೂ ಜನ.

“ಬೇಡ ಸರ್. ಅವ್ರದ್ದೇನೂ ತಪ್ಪಿಲ್ಲ. ಬಾವಿ ಕೆಸರಲ್ಲೇ ಪರೀಕ್ಷೆ ಮಾಡಿದೀನಿ ಅಂತ ನಾನು ಅವ್ರಿಗೆ ಸುಳ್ಳು ಹೇಳಿ ಸಹಿ ಹಾಕಿಸ್ಕೊಂಡೆ.”

“ನಿಲ್ಲಿಸ್ತೀನಿ. ನಾಳೆ ಆಫೀಸಿಗೆ ಬನ್ನಿ,” ಎಂದು ಮೇಲ್ವಿಚಾರಕ ಫೋನ್ ಇಟ್ಟ.

ಮಗ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ.

“ಅವತ್ತು ಸಹಿ ಹಾಕಿಸ್ಕೊಂಡು ನೀವು ಹೋದ್ಮೇಲೆ ಅಪ್ಪ ಚೆನ್ನಾಗಿ ನಿದ್ದೆ ಮಾಡಿದ್ರು, ಚಿಕ್ಕಪ್ಪ,” ಎಂದ. ಚಿಕ್ಕಂದಿನಿಂದ ಅವನು ಸಹಾಯಕನನ್ನು ಕರೆಯುತ್ತಿದ್ದುದೇ ಹಾಗೆ. “‘ಅವನು ನೋಡಿದಾನೆ ಬಿಡು, ನಾನು ನೋಡಿದ ಹಾಗೇ’ ಅಂದ್ರು.”

ಸಹಾಯಕ ಫೋನನ್ನು ಜೇಬಿಗೆ ಹಾಕಿಕೊಂಡ.

“ಎತ್ರಪ್ಪ,” ಎಂದ ಭಾವಮೈದುನ, ಮೆಲ್ಲಗೆ.

ಸಹಾಯಕ ಬಗ್ಗಿ ತನ್ನ ಮೂಲೆಗೆ ಕೈಯೊಡ್ಡಿದ. ಮಗ ಹತ್ತಿರ ಸರಿದು ತನ್ನ ತೋಳನ್ನೂ ಅಲ್ಲೇ ತೂರಿಸಿದ. ಹೋಗಿ ಎನ್ನಲಿಲ್ಲ, ಬನ್ನಿ ಎನ್ನಲಿಲ್ಲ. ಪೆಟ್ಟಿಗೆ ತಿರುಗಿ ಇಳಿಯತೊಡಗಿತು. ಸಹಾಯಕನ ಅಂಗೈ ಕೆಳಗಿನ ತನಕ ಹಲಗೆಗೆ ಒತ್ತಿಕೊಂಡೇ ಇತ್ತು. ತೂಕ ಮಾತ್ರ ಮಗನ ತೋಳಿನ ಮೇಲೇ ನಿಂತಿತು, ಅವನ ಕೈಗೆ ಬರಲಿಲ್ಲ.