ಇಡ್ಲಿಯ ಸರಾಸರಿ

ಮದ್ರಾಸಿನ ತ್ರಿಪ್ಲಿಕೇನಿನ ಆ ಹೋಟೆಲಿನಲ್ಲಿ ನಾಳೆಗೆ ಎಷ್ಟು ಇಡ್ಲಿ ಬೇಕು ಎಂದು ಇಪ್ಪತ್ತೆರಡು ವರ್ಷದಿಂದ ಹೇಳುತ್ತಿದ್ದವನು ಅಡಿಗೆಯ ಸೀತಾರಾಮ. ಅವನು ಹೇಳಿದಷ್ಟೇ ಅಕ್ಕಿ ನೆನೆಯಬೇಕು. ಮಿಕ್ಕಿದ್ದೂ ಇಲ್ಲ, ಸಾಲದೆ ಹೋದದ್ದೂ ಇಲ್ಲ. ಧಣಿ ಕೃಷ್ಣರಾಜರಾಯರು ಬಂದವರೆದುರೆಲ್ಲ ಅವನನ್ನು ಹೊಗಳುವರು.

ಆ ಸುಖಕ್ಕೆ ಕಲ್ಲು ಹಾಕಿದವಳು ಧಣಿಯ ಮಗಳು ವೀಕ್ಷಾ. ಬಿ.ಕಾಂ. ಓದುವ ಹುಡುಗಿ, ಗಲ್ಲಾದ ಪಕ್ಕ ಕಂಪ್ಯೂಟರ್ ತಂದಿಟ್ಟು ತಿಂಗಳ ಇಡ್ಲಿ ಲೆಕ್ಕ ತುಂಬಿದಳು. ಕೊನೆಯ ಚೌಕದಲ್ಲಿ 'ಎವರೇಜ್' ಎಂದು ಒತ್ತಿದ್ದೇ ತಡ, ಒಂಬೈನೂರು ಎಂದು ಉತ್ತರ ಬಂತು. ಸೀತಾರಾಮ ಹೇಳುತ್ತಿದ್ದದ್ದೂ ಒಂಬೈನೂರೇ! ಆದರೆ ಧಣಿ ಈಗ ಬಂದವರಿಗೆಲ್ಲ ಪರದೆ ತೋರಿಸಿದ್ದೇ ತೋರಿಸಿದ್ದು. ಸೀತಾರಾಮನ ಹೊಟ್ಟೆಗೆ ಬೆಂಕಿ ಬಿತ್ತು.

ದಿನದ ಲೆಕ್ಕ ತುಂಬುವುದನ್ನು ಅವಳು ಅವನಿಗೂ ಪ್ರೀತಿಯಿಂದ ಕಲಿಸಿದಳು. "ಸೀತಾರಾಮ ಮಾಮ, ಸುಣ್ಣ ಬಳಿಯಲಿಕ್ಕೆ ಐದು ದಿನ ಬಾಗಿಲು ಹಾಕಿದ್ದೆವಲ್ಲ, ಆ ಚೌಕಗಳು ಖಾಲಿಯೇ ಇರಲಿ. ಸೊನ್ನೆ ಹಾಕಿದ್ರೆ ಅದನ್ನೂ ಒಂದೊಂದು ದಿನ ಅಂತ ಹಿಡಿದು ಸರಾಸರಿ ಇಳೀತದೆ." ಕಳ್ಳನ ಕೈಗೆ ಕೀಲಿಕೈ ಕೊಟ್ಟ ಹಾಗಾಯಿತು.

ಶನಿವಾರ ಅವಳು ಪರೀಕ್ಷೆಗೆ ಹೋದ ಮೇಲೆ ಅವನು ಒಂದೇ ಬೆರಳಿನಲ್ಲಿ ಆ ಐದು ಖಾಲಿ ಚೌಕಗಳಿಗೂ ಸೊನ್ನೆ ಒತ್ತಿದ. ಸರಾಸರಿ ಏಳುನೂರೈವತ್ತಕ್ಕೆ ಇಳಿಯಿತು. ಧಣಿ ಕನ್ನಡಕ ಏರಿಸಿ ಓದಿ, "ಅಷ್ಟಕ್ಕೇ ನೆನೆಹಾಕು" ಎಂದರು. ಅವರು ಅತ್ತ ಹೋದದ್ದೇ ಸೊನ್ನೆಗಳನ್ನು ಅಳಿಸಿ, ತುಟಿ ಬಿಚ್ಚದೆ ನೆನೆಹಾಕಿದ.

ಭಾನುವಾರ ಎಂಟೂವರೆಗೇ ಇಡ್ಲಿ ಖಾಲಿ. ಪಕ್ಕದ ಲಾಡ್ಜಿನ ಗಿರಾಕಿಗಳು "ತೀರ್ಂದುಪೋಚ್ಚಾ?", ಮುಗಿದೇ ಹೋಯಿತಾ, ಎಂದು ತಮಿಳಿನಲ್ಲಿ ಗೊಣಗುತ್ತ ಎದುರಿನ ಮೆಸ್ಸಿಗೆ ನಡೆದರು. ಸೀತಾರಾಮನಿಗೆ ಒಳಗೊಳಗೇ ಹಬ್ಬ. ಇನ್ನು ಆ ಡಬ್ಬಾ ಮೂಲೆ ಸೇರುತ್ತದೆ, ಧಣಿ ತನ್ನನ್ನೇ ಕೇಳಿಕೊಂಡು ಬರುತ್ತಾರೆ ಎಂದು ಕಾದ.

ಧಣಿ ಬಂದರು. ಮುಖ ಸಣ್ಣದಾಗಿತ್ತು. "ವೀಕ್ಷಾ ನೋಡಿದಳು ಮಾರಾಯ, ಅದರಲ್ಲಿ ಒಂಬೈನೂರೇ ಉಂಟು. ನಾನೇ ತಪ್ಪಿ ಓದಿದ್ದು. ಹಿಟ್ಟು ರುಬ್ಬಿ ತುಂಬಿಸಿದವ ನೀನಲ್ವಾ, ಸಾಲದು ಅಂತ ನಿನಗೂ ಗೊತ್ತಾಗಲಿಲ್ವಾ?"

ಗೊತ್ತಿತ್ತು ಎಂದರೆ, ಮತ್ತೆ ಹೇಳದೆ ಇದ್ದದ್ದು ಯಾಕೆ ಎಂಬ ಪ್ರಶ್ನೆ ಬಂದು ಕಳ್ಳಾಟ ಬಯಲಾಗುತ್ತದೆ. ಸೀತಾರಾಮ ನೆಲ ನೋಡಿದ. "ಗೊತ್ತಾಗ್ಲಿಲ್ಲ ಧಣಿ."

ಕೃಷ್ಣರಾಜರಾಯರು ಬೈಯಲಿಲ್ಲ. ಅವನ ಹೆಗಲ ಮೇಲೆ ಕೈಯಿಟ್ಟರು. "ಹೋಗ್ಲಿ ಬಿಡು. ನಮ್ಮಿಬ್ಬರಿಗೂ ವಯಸ್ಸಾಯ್ತು. ಇನ್ನು ಮೇಲೆ ಅವಳು ಹೇಳಿದಷ್ಟೇ ಹಾಕು."