ಜಾಕಿ ಬಿಚ್ಚುವ ಮೊದಲು

"ಸಹಿ ಹಾಕಮ್ಮ, ಹಾಕು. ಕ್ಯೂಬ್ ರಿಪೋರ್ಟ್ ಪಾಸಾಗಿದೆಯಲ್ಲ, ಇನ್ಯಾವ ಮುಹೂರ್ತಕ್ಕೆ ಕಾಯ್ತಿದೀಯ?"

ಗುತ್ತಿಗೆದಾರ ಕಾಗದವನ್ನು ಅವಳ ಮೂಗಿಗೇ ಹಿಡಿದ. ಕೂಲಿಯವರು ಅವನಿಗೆ 'ಇವತ್ತೇ ಸಾಹೇಬ' ಎಂದು ಹೆಸರಿಟ್ಟಿದ್ದರು. ಯಾವ ಕೆಲಸವಾದರೂ ಅವನಿಗೆ ಇವತ್ತೇ ಆಗಬೇಕು, ಕೂಲಿ ಬಟವಾಡೆ ಒಂದನ್ನು ಬಿಟ್ಟು.

ಛಾವಣಿಯ ಕಾಂಕ್ರೀಟು ಇನ್ನೂ ಹಸಿ. ಅದನ್ನು ಹೊತ್ತು ನಿಂತಿದ್ದ ಕಬ್ಬಿಣದ ಜಾಕಿಗಳೆಲ್ಲ ಬಾಡಿಗೆಯವು; ನಿಂತಷ್ಟು ದಿನವೂ ಅವನ ಜೇಬಿಗೇ ಕತ್ತರಿ. ಬೇಗ ಬಿಚ್ಚಿ ಮೇಲಿನ ಮಹಡಿಗೆ ಸಾಗಿಸುವ ಆತುರ ಅವನದು. ಆದರೆ ಅವಳು ಮಾಲೀಕರ ಪರವಾಗಿ ಗುಣಮಟ್ಟ ನೋಡುವ ಎಂಜಿನಿಯರು. ಅವಳ ಸಹಿಯಿಲ್ಲದೆ ಒಂದು ಜಾಕಿಯೂ ಅಲುಗುವಂತಿರಲಿಲ್ಲ.

ಕ್ಯೂಬಿನ ಬಂಡವಾಳ ಅವಳಿಗೆ ಗೊತ್ತಿತ್ತು. ಛಾವಣಿಗೆ ಸುರಿಯುವ ಕಾಂಕ್ರೀಟನ್ನೇ ಅಚ್ಚಿಗೂ ತುಂಬಿ, ಗಟ್ಟಿಯಾದ ಮೇಲೆ ಒಡೆದು ನೋಡಬೇಕು. ಈ ಪುಣ್ಯಾತ್ಮ ಅಚ್ಚಿಗೇ ಬೇರೆ ಕಲಸುತ್ತಿದ್ದ. ಅಚ್ಚಿಗೆ ಸಿಮೆಂಟು, ಛಾವಣಿಗೆ ನೀರು. ಸೈಟಿನಲ್ಲಿ ಎಲ್ಲರಿಗೂ ತಿಳಿದದ್ದೇ, ಬಾಯಿ ಬಿಡುವವರು ಮಾತ್ರ ಇರಲಿಲ್ಲ.

ಕೆಲವು ವರ್ಷಗಳ ಹಿಂದೆ ಕೂಲಿಗೆ ಸೇರಿದ್ದ ಅವಳ ತಮ್ಮ ಸತ್ತದ್ದು ಇಂಥದ್ದೇ ಹಸಿ ಛಾವಣಿಯ ಕೆಳಗೆ, ಇವನದೇ ಸೈಟಿನಲ್ಲಿ. ಅವಸರಕ್ಕೆ ಜಾಕಿ ಬಿಚ್ಚಲು ಒಳಗೆ ಕಳಿಸಿದವನು ಇವನು. ಆಮೇಲೆ 'ಕುಡಿದಿದ್ದ, ಕಾಲು ತಡವರಿಸಿ ಜಾಕಿ ಬೀಳಿಸಿಕೊಂಡ' ಎಂದು ಊರೆಲ್ಲ ಹೇಳಿಸಿದ. ಹೆಂಡದ ವಾಸನೆಗೇ ವಾಂತಿ ಮಾಡುತ್ತಿದ್ದವನ ಬಗ್ಗೆ! ಅಮ್ಮ ಇವತ್ತಿಗೂ ಬೀದಿಯಲ್ಲಿ ತಲೆಯೆತ್ತಿ ನಡೆಯುವುದಿಲ್ಲ. ಆಗ ಅಮ್ಮನ ಜೊತೆ ಇವನ ಆಫೀಸಿನ ಬಾಗಿಲಲ್ಲಿ ನಿಂತಿದ್ದ ಅವಳ ಮುಖವನ್ನು ಇವನು ನೋಡಿರಲೇ ಇಲ್ಲ. ಈಗ ಗುರುತು ಹಿಡಿಯುವ ಮಾತೆಲ್ಲಿ ಬಂತು? ಅವಳು ಮಾತ್ರ ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡೇ ಕಾದಿದ್ದಳು.

"ಹಾಕ್ತೀನಿ ಸಾರ್," ಎಂದಳು. "ಒಪ್ಪಂದದಲ್ಲಿ ಒಂದು ಸಾಲಿದೆ. ಮೊದಲನೇ ಜಾಕಿ ಬಿಚ್ಚುವಾಗ ಗುತ್ತಿಗೆದಾರರು ಛಾವಣಿ ಕೆಳಗೇ ನಿಂತಿರಬೇಕು. ನಿಂತ್ಕೊಳ್ಳಿ, ಸಹಿ ಹಾಕ್ತೀನಿ."

"ಯಾವ ತಲೆಕೆಟ್ಟೋನು ಬರೆದಿದ್ದು ಅದನ್ನ?"

"ಮಾಲೀಕರಿಗೆ ಹೇಳಿ ನಾನೇ ಬರೆಸಿದ್ದು. ಕೆಲಸ ಸಿಕ್ಕಿದ ಖುಷೀಲಿ ನೀವು ಓದಲಿಲ್ಲ."

ಕೂಲಿಯವರು ಕೆಲಸ ಬಿಟ್ಟು ಸುತ್ತ ಸೇರಿದ್ದರು. "ಇವತ್ತೇ ಆಗ್ಲಿ ಸಾಹೇಬ್ರೆ!" ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ಗೊಳ್ಳೆಂದು ನಕ್ಕರು. ಮರ್ಯಾದೆಗೆ ಅಂಜಿ ಅವನು ಒಳಗೆ ಹೋದ. ಅವಳೂ ಕಾಗದ, ಪೆನ್ನು ಹಿಡಿದು ಹೋಗಿ ಅವನ ಪಕ್ಕದಲ್ಲೇ ನಿಂತಳು.

"ಮೇಸ್ತ್ರಿ, ಹೊಡೀರಿ."

ಜಾಕಿ, ಹಲಗೆ ಕಟ್ಟಿ ಬಿಚ್ಚುವ ಸೆಂಟ್ರಿಂಗ್ ಮೇಸ್ತ್ರಿ ಸುತ್ತಿಗೆ ಬೀಸಿದ. ಠಣ್ ಎಂದಿತು. ಹಲಗೆಯ ಸಂದಿಯಿಂದ ಒಂದಿಷ್ಟು ಪುಡಿ ಗುತ್ತಿಗೆದಾರನ ಹೆಗಲಿಗೆ ಉದುರಿತು. ಎರಡನೇ ಏಟಿಗೆ ಅವನಿರಲಿಲ್ಲ. ಎದ್ದೆನೋ ಬಿದ್ದೆನೋ ಎಂದು ಹೊರಗೆ ಓಡಿದ್ದ.

"ನಿಲ್ಸೋ! ಹಸಿ ಛಾವಣಿ ಕಣೋ, ಬಿದ್ದೇ ಬೀಳುತ್ತೆ! ನನಗೆ ಗೊತ್ತಿಲ್ವಾ?"

ನಗುತ್ತಿದ್ದವರೆಲ್ಲ ಅವನ ಕಡೆ ತಿರುಗಿದರು. ಅವಳು ನಿಧಾನವಾಗಿ ಹೊರಗೆ ಬಂದಳು.

"ಆವತ್ತೂ ಗೊತ್ತಿತ್ತಾ ಸಾರ್?"

"ಯಾವತ್ತು?"

"ನನ್ನ ತಮ್ಮನ್ನ ಒಳಗೆ ಕಳಿಸಿದ ದಿನ. ಕುಡುಕ ಅಂತ ಹೇಳಿಸಿದ್ರಲ್ಲ, ಅವನೇ."

ಅವನು ಅವಳ ಮುಖವನ್ನು ಮೊದಲ ಸಲ ನೋಡಿದ.

"ಜಾಕಿ ಹಿಡಿದಿರೋ ಪಿನ್ನು ಮುಟ್ಟೇ ಇಲ್ಲ ಸಾಹೇಬ್ರೆ," ಎಂದ ಮೇಸ್ತ್ರಿ. "ಸದ್ದು ಮಾತ್ರ ಮಾಡಿ ಅಂತ ಮೇಡಮ್ಮು ಬೆಳಿಗ್ಗೇನೇ ಹೇಳಿದ್ರು." ಆಮೇಲೆ ಅವಳ ಕಡೆ ತಿರುಗಿ ತಲೆ ತಗ್ಗಿಸಿದ. "ಆವತ್ತು ನಾನೂ ಅಲ್ಲೇ ಇದ್ದೆ ತಾಯಿ. ಹೊಟ್ಟೆಪಾಡು, ಬಾಯಿ ಬಿಡಲಿಲ್ಲ. ನಿಮ್ಮಮ್ಮನ ಹತ್ರ ಬಂದು ನಾನೇ ಹೇಳ್ತೀನಿ."

"ಒಬ್ಬರೇ ಬೇಡ. ಕೇಳಿಸ್ಕೊಂಡವರೆಲ್ಲ ಬನ್ನಿ. ಬೀದೀಲಿ ನಿಂತೇ ಹೇಳಿ, ಆ ಬೀದಿಯವರೂ ಕೇಳ್ಲಿ."

ತಮ್ಮ ಬರುವುದಿಲ್ಲ, ನಿಜ. ಆದರೂ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಬೇಕು? ಸಹಿಯಿಲ್ಲದ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. "ಅಚ್ಚು ಬೇಡ, ನಾಳೆ ಛಾವಣೀನೇ ಕೊರೆದು ಆ ತುಂಡನ್ನ ಒಡೆದು ನೋಡೋಣ ಸಾರ್," ಎಂದಳು.

ಓಡುವಾಗ ಅವನ ಒಂದು ಚಪ್ಪಲಿ ಜಾಕಿಗಳ ನಡುವೆ ಉಳಿದುಬಿಟ್ಟಿತ್ತು. ಜಲ್ಲಿ ಬಿಸಿಲಿಗೆ ಕಾದಿತ್ತು. ಬರಿಗಾಲನ್ನು ಇನ್ನೊಂದು ಕಾಲಿನ ಮೇಲಿಟ್ಟುಕೊಂಡು ಅವನು ಸುತ್ತ ನೋಡಿದ. ಕೂಲಿಯವರು ಒಬ್ಬೊಬ್ಬರಾಗಿ ಕೆಲಸಕ್ಕೆ ಮರಳಿದರು. ಒಳಗೆ ಹೋಗಿ ಚಪ್ಪಲಿ ತರುತ್ತೇನೆ ಎಂದು ಯಾರೂ ಹೇಳಲಿಲ್ಲ. ಅವನೂ ಹೋಗಲಿಲ್ಲ.